ಒಪ್ಪಿಗೆ ಮೇಲೆ ಬಿ.ಕಾಂ.

ನಮ್ಮ ವೇಣು ಮಾವನ ಕೊರಳಿಗೆ ಗುರುತಿನ ಚೀಟಿ ಬಿದ್ದ ದಿನದಿಂದ ಬೀದಿಯಲ್ಲಿ ಯಾರಿಗೂ ಅವನ ಗುರುತು ಸಿಗದಂತಾಯಿತು. ಹಿಂದಿನ ತಿಂಗಳವರೆಗೆ ಸೀರೆಯ ಕಟ್ಟನ್ನು ಹೆಗಲಿಗೇರಿಸಿಕೊಂಡು ದೊಡ್ಡಬಳ್ಳಾಪುರದಿಂದ ಚಿಕ್ಕಪೇಟೆಯ ಅಂಗಡಿಗಳಿಗೆ ಬಸ್ಸಿನಲ್ಲಿ ನಿಂತೇ ಹೋಗುತ್ತಿದ್ದ ಮನುಷ್ಯ, ಈಗ ಹಾಲಿನ ಪ್ಯಾಕೆಟ್ ತರುವುದಕ್ಕೂ ಕೋಟು ಹಾಕಿಕೊಳ್ಳುತ್ತಿದ್ದ. ಕೋಟಿನ ಮೇಲೆ ಕೆಂಪು ಪಟ್ಟಿ, ಪಟ್ಟಿಯ ತುದಿಯಲ್ಲಿ ಅವನದೇ ಫೋಟೊ, ಫೋಟೊದ ಕೆಳಗೆ ‘ಎನ್‌ರೋಲ್‌ಮೆಂಟ್ ಮ್ಯಾನೇಜರ್ ಹಾಗೂ ವಿದ್ಯಾರ್ಥಿ ಕ್ಷೇಮಪಾಲನಾ’ ಎಂಬಷ್ಟು ಅಕ್ಷರ. ಅಷ್ಟು ಉದ್ದದ ಹುದ್ದೆಗೆ ಜಾಗ ಸಾಲದೆ ‘ಅಧಿಕಾರಿ’ ಎನ್ನುವುದು ಹಿಂಬದಿಗೆ ಹೋಗಿತ್ತು. ಆದ್ದರಿಂದ ಮಾವ ಎದುರಿಗೆ ಸಿಕ್ಕವರಿಗೆಲ್ಲ ಚೀಟಿಯನ್ನು ಒಮ್ಮೆ ತಿರುಗಿಸಿ ತೋರಿಸಿಯೇ ಮಾತು ಶುರು ಮಾಡುತ್ತಿದ್ದ.

“ಸ್ನಾನಕ್ಕಾದ್ರೂ ಬಿಚ್ಚಿಡೋ,” ಎಂದಳು ಅವನ ಅಕ್ಕ, ಅಂದರೆ ನನ್ನ ಅಮ್ಮ ಶಕುಂತಲಮ್ಮ.

“ಡ್ಯೂಟಿ ಇಪ್ಪತ್ನಾಲ್ಕು ಗಂಟೆ ಕಣಕ್ಕ.”

“ಅದೇನು ಡ್ಯೂಟಿ ಅಂತ ಬಿಡಿಸಿ ಹೇಳು. ಕೇಳ್ದೋರಿಗೆ ನಾನೇನು ಹೇಳ್ಲಿ?”

ಮಾವ ಗಂಟಲು ಸರಿಮಾಡಿಕೊಂಡ. “ಮಕ್ಕಳನ್ನ ಕಾಲೇಜಿಗೆ ತರೋದು. ತಂದ ಮಕ್ಕಳು ಬಿಟ್ಟುಹೋಗ್ದಂಗೆ ನೋಡ್ಕೊಳೋದು.”

“ಅಂದ್ರೆ ಕುರಿ ಕಾಯೋದು,” ಎಂದರು ಹೊಸಿಲಾಚೆ ನಿಂತು ಕೇಳಿಸಿಕೊಳ್ಳುತ್ತಿದ್ದ ಪಕ್ಕದ ಮನೆಯ ಪಿಳ್ಳಮ್ಮಜ್ಜಿ.

ಕಾಲೇಜು ಊರಾಚೆ, ನೆಲಮಂಗಲದ ಕಡೆ ಹೋಗುವ ರಸ್ತೆಯಲ್ಲಿತ್ತು. ಅದರ ಒಡೆಯರು ಗೋಪಾಲಪ್ಪನವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಕಟ್ಟಡ ಎಬ್ಬಿಸಿ, ತಾಯಿಯ ಹೆಸರಿನಲ್ಲಿ ‘ಅಕ್ಕಯಮ್ಮ ಸ್ಮಾರಕ ಪದವಿ ಕಾಲೇಜು’ ಎಂದು ಬೋರ್ಡು ಬರೆಸಿದ್ದರು. ಅಕ್ಕಯಮ್ಮನವರು ಗಟ್ಟಿಮುಟ್ಟಾಗಿ ಬದುಕಿದ್ದರು. ಕಾಲೇಜೆಂದ ಮೇಲೆ ಸ್ಮಾರಕ ಇರಲೇಬೇಕು ಎಂದುಕೊಂಡು ಬೋರ್ಡಿನವನು ತಾನಾಗಿ ಸೇರಿಸಿದ್ದ. ಅಳಿಸಿದರೆ ಬಣ್ಣ ಕೆಡುತ್ತದೆಂದು ಇವರು ಹಾಗೇ ಬಿಟ್ಟಿದ್ದರು. ಅಜ್ಜಿ ದಿನವೂ ಸಂಜೆ ತಮ್ಮ ಸ್ಮಾರಕದ ಮೆಟ್ಟಿಲ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು.

ಮಾವನಿಗೆ ಈ ಕೆಲಸ ಉಳಿಯಲೇಬೇಕಿತ್ತು. ಮಗ್ಗದ ಕಡೆಯ ಗಂಡಿಗೆ ಈಗ ಹೆಣ್ಣು ಕೊಡುವವರಿಲ್ಲ. ಹೋದ ಮನೆಯವರೆಲ್ಲ ಉಪ್ಪಿಟ್ಟು ತಿನ್ನಿಸಿ, ಹುಡುಗನ ಕೈಯ ಬಣ್ಣದ ಕಲೆ ನೋಡಿ, ಆಮೇಲೆ ಫೋನ್ ಮಾಡುತ್ತೇವೆ ಎಂದು ಕಳಿಸಿದ್ದರು. ಆ ಫೋನುಗಳು ಇನ್ನೂ ಬರಬೇಕಾಗಿದ್ದವು. ಪಕ್ಕದ ತಾಲ್ಲೂಕಿನ ವಿಜಯಪುರದ ಲಕ್ಷ್ಮಣಪ್ಪನವರೊಬ್ಬರೇ, ಹುಡುಗ ಕಾಲೇಜಿನಲ್ಲಿ ಮ್ಯಾನೇಜರು ಎಂದು ಕೇಳಿ ಮಗಳು ಶಿಲ್ಪಳನ್ನು ಕೊಡುವ ಮನಸ್ಸು ಮಾಡಿದ್ದರು. ಆದರೆ ಒಂದು ಮಾತು ಉಳಿಸಿಕೊಂಡಿದ್ದರು.

“ಮನೆ ನೋಡಾಯ್ತು, ಮಗ್ಗ ನೋಡಾಯ್ತು. ಇನ್ನು ಹುಡುಗ ಕೂರೋ ಕುರ್ಚಿ ನೋಡ್ಬೇಕು. ಆಮೇಲೆ ಲಗ್ನದ ಮಾತು.”

ಆ ಕುರ್ಚಿ ಗೋಪಾಲಪ್ಪನವರ ಕೈಯಲ್ಲಿತ್ತು. ಅವರು ಮಾವನಿಗೆ ಹೇಳಿದ್ದು ಹೀಗೆ: “ಏನಪ್ಪಾ ವೇಣು, ಯೂನಿವರ್ಸಿಟಿಯೋರು ತಪಾಸಣೆಗೆ ಬರ್ತಾರೆ. ಅವತ್ತು ಬಿ.ಕಾಂ. ಕ್ಲಾಸಿನ ಬೆಂಚು ತುಂಬಿರ್ಬೇಕು. ತುಂಬಿದ್ರೆ ನೀನು ಮ್ಯಾನೇಜರು. ಖಾಲಿ ಇದ್ರೆ ನನ್ನ ಕೋರ್ಸೂ ಹೋಯ್ತು, ನಿನ್ನ ಕೋಟೂ ಹೋಯ್ತು.”

ಹೀಗೆ ನಮ್ಮ ಮಾವನ ಮದುವೆ ಬಿ.ಕಾಂ. ಬೆಂಚಿನ ಮೇಲೆ ಹೋಗಿ ಕೂತಿತು.

ಗಂಡಸೊಬ್ಬನೇ ಮನೆಮನೆಗೆ ಹೋಗಿ “ನಿಮ್ಮನೇಲಿ ಪಿಯುಸಿ ಮುಗಿಸಿದ ಹುಡುಗೀರಿದ್ದಾರಾ” ಎಂದು ಕೇಳಿದರೆ ಏಟು ಬೀಳುತ್ತದೆಂದು ಅಮ್ಮ ನನ್ನನ್ನು ಜೊತೆಗೆ ಕಳಿಸಿದಳು. ನನಗೆ ಮಾತು ಬರುವುದಿಲ್ಲವೆಂದಲ್ಲ, ಎದುರಿಗೆ ಜನ ಇದ್ದರೆ ಬರುವುದಿಲ್ಲ. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟು ಮನೆಯಲ್ಲಿ ನೂಲು ಸುತ್ತುತ್ತಿದ್ದವಳು, ಕಾಲೇಜಿನ ಬಣ್ಣಬಣ್ಣದ ಪ್ರಚಾರ ಪುಸ್ತಕಗಳ ಚೀಲ ಹಿಡಿದು ಊರಿಗೆ ಡಿಗ್ರಿ ಹಂಚಲು ಹೊರಟೆ.

ಮೊದಲು ಯಾರೂ ಬಲೆಗೆ ಬೀಳಲಿಲ್ಲ. ಮಾವ ಕಾಲೇಜಿನಲ್ಲಿ ಕಲಿಸಿಕೊಟ್ಟಿದ್ದ ಭಾಷಣವನ್ನು ಉಸಿರು ಬಿಡದೆ ಒಪ್ಪಿಸುತ್ತಿದ್ದ. ಅದರಲ್ಲಿ ಕೆರಿಯರ್, ಕ್ಯಾಂಪಸ್, ಪ್ಲೇಸ್‌ಮೆಂಟ್ ಎಲ್ಲ ಬರುತ್ತಿದ್ದವು. ಮಗ್ಗದ ಸದ್ದಿನಲ್ಲಿ ಯಾವುದೂ ಕೇಳಿಸುತ್ತಿರಲಿಲ್ಲ. ಒಂದು ಮನೆಯಲ್ಲಿ ಕೋಟು ನೋಡಿ ಕೆಟ್ಟುಹೋದ ಮಿಕ್ಸಿ ತಂದಿಟ್ಟರು. ಇನ್ನೊಂದು ಮನೆಯಲ್ಲಿ ಕರೆಂಟಿನವನೆಂದು ತಿಳಿದು, ಮಾವ ಮಾತು ಮುಗಿಸುವವರೆಗೂ ಮೀಟರಿಗೆ ಅಡ್ಡವಾಗಿ ನಿಂತುಕೊಂಡಿದ್ದರು.

ಕೊನೆಗೆ ಭಾನುಪ್ರಕಾಶರ ಮನೆಗೆ ಹೋದೆವು. ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಗ್ಗ ಅವರದು. ಅವರು ಹೂಂ ಎಂದರೆ ಬೀದಿ ಹೂಂ ಎನ್ನುತ್ತದೆ. ಮಗ ನಂದನ್ ಪಿಯುಸಿ ಮುಗಿಸಿ, ಓಡುವ ಮಗ್ಗದ ಮುಂದೆ ನಿಂತು ಮೊಬೈಲು ನೋಡುತ್ತಿದ್ದ.

“ಬಿ.ಕಾಂ. ಓದಿ ಏನ್ಮಾಡ್ತಾನೆ?”

“ಲೆಕ್ಕ ಬರೀತಾನೆ ಭಾನಣ್ಣ.”

“ಓದ್ದೇನೇ ನಾನು ಬರೀತಿಲ್ವಾ? ಅದ್ಬಿಡು. ಓದಕ್ಕೆ ಹೋಗಿ ಹುಡುಗ ಕೆಟ್ಟೋದ್ರೆ ಯಾರು ಜವಾಬ್ದಾರಿ? ಕಾಲೇಜಿನೋರು ಸರಿ ಮಾಡಿ ಕೊಡ್ತಾರಾ?”

ಭಾಷಣದಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಮಾವ ಕೋಟಿನ ಗುಂಡಿ ಬಿಚ್ಚಿ, ಚಿಕ್ಕಪೇಟೆಯ ಅಂಗಡಿಯವರ ಗಾದಿಯ ಮುಂದೆ ಕೂರುವ ಹಾಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಅವನ ಹಳೆಯ ನಾಲಿಗೆ ಅವನಿಗೆ ವಾಪಸು ಬಂತು.

“ಭಾನಣ್ಣ, ಒಂದ್ ಕೆಲ್ಸ ಮಾಡಿ. ಒಪ್ಪಿಗೆ ಮೇಲೆ ತಗೊಳ್ಳಿ.”

ಸೀರೆ ವ್ಯಾಪಾರದಲ್ಲಿ ಇದು ಎಲ್ಲರಿಗೂ ಗೊತ್ತಿರುವ ರೀತಿ. ಅಂಗಡಿಯವರು ಕಟ್ಟು ಇಳಿಸಿಕೊಂಡು ಕೆಲವು ದಿನ ಇಟ್ಟು ನೋಡುತ್ತಾರೆ. ಹಿಡಿಸಿದರೆ ಸರಿ, ಇಲ್ಲದಿದ್ದರೆ ಮಡಿಕೆ ಕೆಡದಂತೆ ವಾಪಸು ಕೊಡುತ್ತಾರೆ. ಯಾರೂ ಮುಖ ಊದಿಸಿಕೊಳ್ಳುವಂತಿಲ್ಲ. ಬಿ.ಕಾಂ. ಪದವಿಯನ್ನು ಈ ರೀತಿಯಲ್ಲಿ ಕೊಟ್ಟವರು ಬೇರೆ ಯಾವ ಊರಲ್ಲಾದರೂ ಇದ್ದಾರೋ ನನಗೆ ತಿಳಿಯದು.

“ಹಬ್ಬದ ತನಕ ಇಟ್ಟು ನೋಡಿ. ಹಿಡಿಸ್ಲಿಲ್ವಾ, ಯೂನಿಫಾರ್ಮು ಬ್ಯಾಗು ವಾಪಸ್ ಕೊಟ್ಬಿಡಿ,” ಎಂದ ಮಾವ.

ಭಾನುಪ್ರಕಾಶರ ಮುಖ ಬೆಳಗಿತು. ಮೊದಲ ಸಲ ಅವರಿಗೆ ಉನ್ನತ ಶಿಕ್ಷಣ ಅರ್ಥವಾಗಿತ್ತು. “ಡ್ಯಾಮೇಜ್ ಬಂದ್ರೆ?”

“ಡ್ಯಾಮೇಜ್ ನಮ್ದು.”

“ಬೀದೀಗೆಲ್ಲ ಸೇರಿ ಒಂದೇ ಕಟ್ಟಾ?”

“ಒಂದೇ ಕಟ್ಟು ಭಾನಣ್ಣ.”

ಹೀಗೆನ್ನುವಾಗ ಮಾವ ಆ ಮಾತಿನ ಇನ್ನೊಂದು ತುದಿಯನ್ನು ಮರೆತಿದ್ದ. ಒಂದೇ ಕಟ್ಟಿನಲ್ಲಿ ಬಂದ ಮಾಲಿನಲ್ಲಿ ಒಂದು ಪೀಸು ವಾಪಸಾದರೆ ಇಡೀ ಕಟ್ಟೇ ವಾಪಸು. ನಮ್ಮ ಬೀದಿಯಲ್ಲಿ ಇದು ಸರ್ಕಾರದ ಕಾನೂನಿಗಿಂತ ಗಟ್ಟಿ.

ಆ ವಾರವೇ ಬೀದಿಯ ಮಕ್ಕಳೆಲ್ಲ ಬಿ.ಕಾಂ.ಗೆ ಸೇರಿದರು. ನಂದನ್ ಸೇರಿದ, ಪಿಳ್ಳಮ್ಮಜ್ಜಿಯ ಮೊಮ್ಮಗಳು ಸಿಂಧು ಸೇರಿದಳು, ಮುಂದಿನ ಬೀದಿಯವರೂ ಕಟ್ಟು ಬಿಚ್ಚಿಸಿ ತಮ್ಮವರನ್ನು ತುರುಕಿದರು. ಬೆಂಚು ತುಂಬಿತು. ತಪಾಸಣೆ ಶುಕ್ರವಾರವೆಂದು ಗೊತ್ತಾಯಿತು. ಲಕ್ಷ್ಮಣಪ್ಪನವರು ಪಂಚಾಂಗ ನೋಡಿಸಿದರೆ ಕುರ್ಚಿ ನೋಡಲು ಅದೇ ಶುಕ್ರವಾರ ಪ್ರಶಸ್ತವಾಗಿ ಬಂತು.

“ಎಲ್ಲಾ ಕೂಡ್ಬರೋದು ಅಂದ್ರೆ ಇದೇ ಕಣಕ್ಕ,” ಎಂದು ಮಾವ ಕೋಟು ಇಸ್ತ್ರಿಗೆ ಕೊಟ್ಟ.

ಇನ್ನೂ ಇಸ್ತ್ರಿಯ ಬಿಸಿ ಆರಿರಲಿಲ್ಲ, ಪಿಳ್ಳಮ್ಮಜ್ಜಿ ಬಂದರು. ಒಂದು ಕೈಯಲ್ಲಿ ಸಿಂಧುವಿನ ಜಡೆ, ಇನ್ನೊಂದು ಕೈಯಲ್ಲಿ ಮಡಿಸಿದ ಯೂನಿಫಾರ್ಮು.

“ತಗೋಪ್ಪ ನಿನ್ನ ಬಿ.ಕಾಂ.”

“ಯಾಕಜ್ಜಿ, ಏನಾಯ್ತು?”

“ಡ್ಯಾಮೇಜು.”

ಮಾವ ಸಿಂಧುವನ್ನು, ಎಳೆ ತಪ್ಪಿದ ಜಾಗ ಹುಡುಕುವ ಹಾಗೆ ಬೆಳಕಿಗೆ ನಿಲ್ಲಿಸಿ ನೋಡಿದ. “ಎಲ್ಲಜ್ಜಿ? ಕಾಣಿಸ್ತಿಲ್ವಲ್ಲ.”

“ನೀರು ಕುಡಿಯಲ್ಲ ಇವ್ಳು. ಬೆಳಗ್ಗೆ ಕಾಫಿ ಬೇಡ ಅಂತಾಳೆ, ಸಾರು ಬೇಡ, ಮಜ್ಜಿಗೆ ಬೇಡ. ಒಣ ಚಪಾತಿ ಕಚ್ಕೊಂಡು ಹೋಗ್ತಾಳೆ. ಸಂಜೆ ಬಂದೋಳು ಚಪ್ಪಲೀನೂ ಬಿಡ್ದೆ ಹಿತ್ತಲಿಗೆ ಓಡ್ತಾಳೆ. ಬಿ.ಕಾಂ. ಓದಿದ್ರೆ ಬಾಯಾರಿಕೆ ಸತ್ತೋಗುತ್ತೆ ಅಂತ ನೀನು ಮೊದ್ಲೇ ಹೇಳಿರ್ಲಿಲ್ಲ.”

“ಅದು ಟೆನ್ಷನ್ ಅಜ್ಜಿ. ಓದೋ ಮಕ್ಳಿಗೆ ಬರುತ್ತೆ. ನಾನು ಕೌನ್ಸೆಲಿಂಗ್ ಮಾಡ್ತೀನಿ,” ಎಂದು ಮಾವ ಚೀಟಿಯ ಹಿಂಬದಿ ತಿರುಗಿಸಿ ತೋರಿಸಿ, ಸಿಂಧುವಿನ ಎದುರು ಕೂತ. “ನೋಡಮ್ಮ ಸಿಂಧು, ನೀರು ಅಂದ್ರೆ ಜೀವ. ಕೆರೆ ಕುಂಟೆ ಬಗ್ಗೆ ಯೋಚ್ನೆ ಮಾಡು.”

ಸಿಂಧು ನನ್ನ ಕಡೆ ನೋಡಿದಳು. ನಾನು ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋದೆ. ಅವಳು ನನಗೆ ಹೇಳಿದಳು, ನಾನು ಅಮ್ಮನಿಗೆ ಹೇಳಿದೆ, ಅಮ್ಮ ಹೊರಗೆ ಬಂದು ಬೀದಿಗೆಲ್ಲ ಕೇಳುವಂತೆ ಮಾವನಿಗೆ ಹೇಳಿದಳು.

“ಲೋ ಕ್ಷೇಮಪಾಲಕ, ಹೆಣ್ಮಕ್ಕಳ ಶೌಚಾಲಯಕ್ಕೆ ಬೀಗ ಹಾಕಿದಾರಂತೆ ಕಣೋ.”

ಮಾರನೆಯ ದಿನ ಮಾವ ಗೋಪಾಲಪ್ಪನವರ ಮುಂದೆ ಕೈಕಟ್ಟಿ ನಿಂತ. ನಾನು ಉಳಿದ ಪುಸ್ತಕಗಳ ಚೀಲ ಹಿಡಿದು ಬಾಗಿಲ ಬಳಿ ನಿಂತಿದ್ದೆ.

“ಹೊಸ ಟೈಲ್ಸ್ ಕಣಯ್ಯ,” ಎಂದರು ಗೋಪಾಲಪ್ಪನವರು. “ತಪಾಸಣೆಗೆ ಅಂತ ಮುಚ್ಚಿಟ್ಟಿದೀನಿ. ಈಗ್ಲೇ ಉಪಯೋಗಿಸ್ಬಿಟ್ರೆ ಅವತ್ತು ಹೊಸದು ಹೆಂಗ್ ಕಾಣುತ್ತೆ?”

“ಹೆಣ್ಮಕ್ಳು ಸಾರ್, ಬೆಳಗ್ಗಿಂದ ಸಂಜೆ ತನಕ…”

“ತಪಾಸಣೆ ಮುಗೀಲಿ.”

“ಮುಗಿದ್ಮೇಲೆ ತೆಗೀತೀರಾ ಸಾರ್?”

“ಮುಂದಿನ ವರ್ಷ ಮತ್ತೆ ಬರ್ತಾರಲ್ಲಪ್ಪ,” ಎಂದರು ಅವರು, ಮಗುವಿಗೆ ಹೇಳುವಷ್ಟು ಸಮಾಧಾನವಾಗಿ.

ಮಾವ “ಸರಿ ಸಾರ್” ಎಂದ. ದೊಡ್ಡ ಮೇಜಿನ ಹಿಂದೆ ಕೂತವರ ಎದುರಿಗೆ ಅವನ ಬಾಯಿಗೆ ಬೇರೆ ಮಾತು ಬರುವುದಿಲ್ಲ.

ಸಂಜೆ ಭಾನುಪ್ರಕಾಶರು ಮನೆಯ ಮುಂದೆ ಬಂದು ನಿಂತರು. ಹಿಂದೆ ಅರ್ಧ ಬೀದಿ.

“ಒಂದು ಪೀಸು ವಾಪಸ್ ಬಂತಂತಲ್ಲ ವೇಣು. ಅಲ್ಲಿಗೆ ಕಟ್ಟು ವಾಪಸ್. ಶುಕ್ರವಾರ ಒಳ್ಳೆ ದಿನ, ಎಲ್ಲಾರೂ ಬಂದು ಕಾಲೇಜಲ್ಲೇ ಒಪ್ಪಿಸಿ ಹೋಗ್ತೀವಿ.”

“ಶುಕ್ರವಾರ ಬೇಡ ಭಾನಣ್ಣ. ಶನಿವಾರ ಬನ್ನಿ, ನಿಮ್ಮ ಕಾಲಿಗೆ ಬೀಳ್ತೀನಿ.”

“ಶನಿವಾರ ಮಾಲು ವಾಪಸ್ ಮಾಡ್ತಾರೇನೋ? ನಿನ್ ಮೇಲೆ ನಂಗೆ ಸಿಟ್ಟಿಲ್ಲಪ್ಪ. ಪದ್ಧತಿ.”

“ಅಪ್ಪ, ನಂಗೆ ಕಾಲೇಜು ಹಿಡಿಸಿದೆ,” ಎಂದ ನಂದನ್.

“ಹಿಡಿಸಿರೋದು ನಿಂಗೆ. ಗಿರಾಕಿ ನಾನು. ಸುಮ್ನಿರು.”

ಶುಕ್ರವಾರ ಬಂತು. ಪ್ರಿನ್ಸಿಪಾಲರ ತಿರುಗುವ ಕುರ್ಚಿಯನ್ನು ಮಾವ ಬೆಳಗ್ಗೆಯೇ ಕೇಳಿ ಪಡೆದು ಒಂದು ಖಾಲಿ ಕೋಣೆಯಲ್ಲಿ ಇರಿಸಿದ್ದ. ಅಮ್ಮ, ನಾನು, ಲಕ್ಷ್ಮಣಪ್ಪನವರು, ಶಿಲ್ಪ ಹೋಗಿ ನಿಂತೆವು. ಲಕ್ಷ್ಮಣಪ್ಪನವರು ಸೀಟು ಒತ್ತಿ ನೋಡಿದರು, ಕೈಯಿಟ್ಟು ಒಂದು ಸುತ್ತು ತಿರುಗಿಸಿದರು. “ಪೂರ್ತಿ ತಿರುಗುತ್ತೆ,” ಎಂದರು ಗೌರವದಿಂದ. ಶಿಲ್ಪ ಕುರ್ಚಿ ನೋಡಲಿಲ್ಲ. ವಿಜಯಪುರದಿಂದ ಬಸ್ಸು ಬದಲಾಯಿಸಿಕೊಂಡು ಬಂದವಳು, ಏನೋ ಕೇಳಬೇಕೆಂದು ನನ್ನ ಮುಖ ನೋಡಿ, ಕೇಳದೆ ಸುಮ್ಮನಾದಳು.

ಅಷ್ಟರಲ್ಲಿ ಬೀದಿ ಬಂತು. ಅಪ್ಪಂದಿರು, ಅಮ್ಮಂದಿರು, ಅಜ್ಜಿಯರು. ಎಲ್ಲರ ಕೈಯಲ್ಲೂ ಮಡಿಸಿದ ಯೂನಿಫಾರ್ಮು, ಹಿಂದೆ ಮನೆಬಟ್ಟೆಯಲ್ಲಿ ಮಕ್ಕಳು. ಮಾವ ಅವರನ್ನೆಲ್ಲ ಬಿ.ಕಾಂ. ಕ್ಲಾಸಿಗೆ ಓಡಿಸಿದ. “ಕೂತಿರಿ, ಕೂತಿರಿ. ವಾಪಸ್ ತಗೊಳೋರು ಈಗ ಬರ್ತಾರೆ.” ಬೆಂಚಂತೂ ತುಂಬಿತು. ಅಮ್ಮಂದಿರ ನಡುವೆ ಸಿಕ್ಕಿಕೊಂಡ ಮಕ್ಕಳ ತಲೆ ಮಾತ್ರ ಕಾಣಿಸುತ್ತಿತ್ತು. ಪಾಠ ಮಾಡಲು ಬಂದ ಅನಿತಾ ಮೇಡಂ ಬಾಗಿಲಲ್ಲಿ ನಿಂತು, ಇದು ಯಾವ ಸೆಮಿಸ್ಟರ್ ಎಂದು ಯೋಚಿಸತೊಡಗಿದರು.

ಆಗಲೇ ತಪಾಸಣೆಯವರ ಕಾರು ಬಂದು ನಿಂತಿತು. ಇಳಿದವರು ಇಬ್ಬರು: ಫೈಲು ಹಿಡಿದ ಒಬ್ಬ ಸಣಕಲು ಸಾಹೇಬರು, ರೇಷ್ಮೆ ಸೀರೆಯ ಒಬ್ಬ ಮೇಡಂ. ಬೆಳಗ್ಗೆಯಿಂದ ತ್ಯಾಮಗೊಂಡ್ಲು ಕಡೆ ಸುತ್ತಿ ಬಂದಿದ್ದರು. ಅದು ತೆಂಗಿನ ಸೀಮೆ. ಹೋದಲ್ಲೆಲ್ಲ ಜನ ಪ್ರೀತಿಯಿಂದ ಎಳನೀರು ಕುಡಿಸಿದ್ದರು. ಆಮೇಲೆ ದಾರಿಯಲ್ಲಿ ಕಾರು ಟ್ರಾಫಿಕ್ಕಿನಲ್ಲಿ ಬಹಳ ಹೊತ್ತು ನಿಂತಿತ್ತು.

ಗೋಪಾಲಪ್ಪನವರು ಹಾರ ಹಾಕಿ ಎಳನೀರು ಚಾಚಿದರು.

“ಬೇಡ,” ಎಂದರು ಮೇಡಂ, ಎಳನೀರಿನ ಕಡೆ ನೋಡದೆ. “ಮೊದ್ಲು ರೆಸ್ಟ್‌ರೂಂ ಎಲ್ಲಿದೆ ಹೇಳಿ.”

ಗೋಪಾಲಪ್ಪನವರ ಮುಖ ಅರಳಿತು. ಈ ಗಳಿಗೆಗಾಗಿ ಅವರು ತಿಂಗಳುಗಟ್ಟಲೆ ಕಾದಿದ್ದರು. “ಬನ್ನಿ ಮೇಡಂ, ಬನ್ನಿ. ಹೊಸ ಟೈಲ್ಸು. ಒಬ್ರೂ ಕಾಲಿಟ್ಟಿಲ್ಲ.” ಬಾಗಿಲ ಮುಂದೆ ನಿಂತು ಜೇಬು ಮುಟ್ಟಿಕೊಂಡರು. ಇನ್ನೊಂದು ಜೇಬು ಮುಟ್ಟಿಕೊಂಡರು. ಆಮೇಲೆ ನೆನಪಾಯಿತು: ಬೀಗದ ಕೈ ಯಾರ ಕೈಗೂ ಸಿಗಬಾರದೆಂದು ತಾಯಿಯ ಹತ್ತಿರ ಇಡಿಸಿದ್ದರು, ತಾಯಿ ಬೆಳಗ್ಗೆ ಭಜನೆಯವರ ಜೊತೆ ಶಿವಗಂಗೆಗೆ ಹೋಗಿದ್ದರು. ಫೋನ್ ಮಾಡಿದರು. ಅಕ್ಕಯಮ್ಮನವರ ದನಿ ಎಲ್ಲರಿಗೂ ಕೇಳಿಸಿತು.

“ಸೊಂಟದಲ್ಲೇ ಐತೆ ಕಣಪ್ಪ, ಭದ್ರವಾಗೈತೆ, ಯೋಚ್ನೆ ಮಾಡ್ಬೇಡ. ಬೆಟ್ಟ ಹತ್ತುತಾ ಇವ್ನಿ.”

ಮೇಡಂ ಗೋಡೆಯ ಮೇಲೆ ಬರೆಸಿದ್ದ ಕಾಲೇಜಿನ ಧ್ಯೇಯವಾಕ್ಯವನ್ನು ಓದತೊಡಗಿದರು. ಅದು ಒಂದೇ ಸಾಲು. ಅವರು ಅದನ್ನು ಬಹಳ ಹೊತ್ತು ಓದಿದರು.

“ಇದೇ ಡ್ಯಾಮೇಜು,” ಎಂದರು ಕ್ಲಾಸಿನಿಂದ ಎದ್ದುಬಂದ ಪಿಳ್ಳಮ್ಮಜ್ಜಿ, ಬೀಗಕ್ಕೆ ಬೆರಳು ತೋರಿಸಿ. “ಇದೇ ಬೀಗ. ಇದೇ ನನ್ನ ಮೊಮ್ಮಗಳ ಬಾಯಾರಿಕೆ ತಿಂದಿದ್ದು.”

ಅಜ್ಜಿಯ ಹಿಂದೆ ಸಿಂಧು ಬಂದಳು. ಅವಳ ಹಿಂದೆ ಉಳಿದ ಹುಡುಗಿಯರು, ಅಮ್ಮಂದಿರು. ಸಾಲಿನ ಕೊನೆಗೆ ಶಿಲ್ಪ, ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು, ತುಟಿ ಕಚ್ಚಿಕೊಂಡು ನಿಂತಳು. ಅವಳು ನನ್ನನ್ನು ಏನು ಕೇಳಬೇಕೆಂದಿದ್ದಳೆಂದು ಆಗ ಹೊಳೆಯಿತು.

ಮಾವ ಅವಳನ್ನು ನೋಡಿದ. ಮೇಡಂ ಕಡೆ ನೋಡಿದ. ಸಿಂಧುವನ್ನು ನೋಡಿದ. ಆಮೇಲೆ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ಹೂಕುಂಡಕ್ಕೆ ಆನಿಸಿಟ್ಟಿದ್ದ ಕಲ್ಲನ್ನು ಎತ್ತಿಕೊಂಡ.

“ಲೇ ವೇಣು, ಟೈಲ್ಸು,” ಎಂದರು ಗೋಪಾಲಪ್ಪನವರು.

“ಟೈಲ್ಸಿಗೆ ಹೊಡೆಯಲ್ಲ ಸಾರ್.”

ಆ ಶೌಚಾಲಯಕ್ಕೂ ಒಂದು ಉದ್ಘಾಟನಾ ಫಲಕವಿತ್ತು. ಮೊದಲ ಏಟು ಗುರಿ ತಪ್ಪಿ ಅದರಲ್ಲಿದ್ದ ಗೋಪಾಲಪ್ಪನವರ ಹೆಸರಿನ ಮೇಲೆ ಬಿತ್ತು, ‘ಗೋ’ ಉದುರಿತು. ಮುಂದಿನ ಏಟಿಗೆ ಬೀಗ ಕಳಚಿ ಬಿತ್ತು. ಮೇಡಂ ನೇರವಾಗಿ ಒಳಗೆ ಹೋದರು. ಹಿಂದೆಯೇ ಅನಿತಾ ಮೇಡಂ ಓಡಿಬಂದು ಸಾಲು ಸೇರಿದರು. “ನಾನೂ ಈ ಕಾಲೇಜಿಗೆ ಸೇರಿದಾಗಿಂದ ನೀರು ಕುಡಿದಿಲ್ಲ,” ಎಂದರು ಯಾರನ್ನೂ ಉದ್ದೇಶಿಸದೆ.

ಗೋಪಾಲಪ್ಪನವರು ಮಾವನ ಕಿವಿಯ ಹತ್ತಿರ ಬಂದರು. “ನಿನ್ನ ಕೆಲಸ ಹೋಯ್ತು. ಕೋಟು ಬಿಚ್ಚು.”

“ಬಿಚ್ಚಾಯ್ತು ಸಾರ್.”

ಇದು ಲಕ್ಷ್ಮಣಪ್ಪನವರಿಗೂ ಕೇಳಿಸಿತು. ಅವರು ಅಮ್ಮನ ಕಡೆ ತಿರುಗಿದರು. “ಕೆಲಸ ಹೋಯ್ತಾ? ಹಂಗಾದ್ರೆ ಆ ಕುರ್ಚಿ?” ಅಮ್ಮ ಯಾವ ದೇವರ ಹೆಸರು ಹೇಳಿಕೊಳ್ಳಬೇಕೆಂದು ತಿಳಿಯದೆ ನನ್ನ ಕೈ ಹಿಸುಕಿದಳು.

ಮೇಡಂ ಹೊರಗೆ ಬಂದರು. ಒಳಗೆ ಹೋದವರು ಒಬ್ಬರು, ಹೊರಗೆ ಬಂದವರು ಇನ್ನೊಬ್ಬರು ಎನ್ನಬೇಕು. ಮುಖದಲ್ಲಿ ಅಷ್ಟು ಶಾಂತಿ. “ಇಲ್ಲಿ ವಿದ್ಯಾರ್ಥಿಗಳ ಕ್ಷೇಮ ಯಾರು ನೋಡ್ಕೊಳೋದು?”

ಗೋಪಾಲಪ್ಪನವರು ಮೇಡಂ ಮುಖವನ್ನು ಒಂದು ಸಲ ಅಳೆದರು. ಮರುಗಳಿಗೆ ಮಾವನ ಹೆಗಲ ಮೇಲೆ ಕೈ ಹಾಕಿದರು. “ಇವ್ನೇ ಮೇಡಂ, ನಮ್ಮ ವೇಣುಗೋಪಾಲು. ನಾನೇ ಹುಡುಕಿ ತಂದಿದ್ದು.”

“ಇವ್ರನ್ನ ಬಿಡ್ಬೇಡಿ. ಆ ಬಾಗಿಲಿಗೆ ಇನ್ನೊಂದು ಬೀಗ ಹಾಕಿದ್ರೆ ನನಗೆ ಗೊತ್ತಾಗುತ್ತೆ.”

ಸಣಕಲು ಸಾಹೇಬರು ಅಷ್ಟರಲ್ಲಿ ಕ್ಲಾಸಿಗೆ ಇಣುಕಿ ಬಂದು ಕನ್ನಡಕ ಒರೆಸಿಕೊಳ್ಳುತ್ತಿದ್ದರು. “ಬಿ.ಕಾಂ. ಅಂತೀರಿ. ಹಿಂದಿನ ಬೆಂಚಲ್ಲಿ ಹಲ್ಲಿಲ್ಲದೋರು ಕೂತಿದ್ದಾರಲ್ಲ?”

“ಪೇರೆಂಟ್ಸು ಸಾರ್. ವಾಪಸ್ ಕೊಡೋಕೆ…” ಎಂದು ಮಾವ ಸತ್ಯ ಹೇಳಲು ಹೊರಟ. ಅವನಿಗೆ ಸುಳ್ಳು ಬೇಗ ಹೊಳೆಯುವುದಿಲ್ಲ.

“ವಾಪಸ್ ಗೀಪಸ್ ಏನಿಲ್ಲ,” ಎಂದರು ಪಿಳ್ಳಮ್ಮಜ್ಜಿ, ಒದ್ದೆ ಕೈಯನ್ನು ಸಿಂಧುವಿನ ತಲೆಗೆ ಒರೆಸುತ್ತ. “ಡ್ಯಾಮೇಜು ಸರಿಹೋಯ್ತು. ಏನ್ ಭಾನು?”

ಭಾನುಪ್ರಕಾಶರು ಬೀದಿಯ ಪರವಾಗಿ ಸ್ವಲ್ಪ ಯೋಚಿಸಿದರು. “ತಿದ್ದಿಕೊಟ್ಟ ಮಾಲು ಇಟ್ಕೋಬಹುದು. ಪದ್ಧತಿ.”

ಅವರು ಮುಗಿಸುವ ಮೊದಲೇ ನಂದನ್ ಮನೆಯ ಅಂಗಿಯ ಮೇಲೆಯೇ ಯೂನಿಫಾರ್ಮು ಎಳೆದುಕೊಂಡಿದ್ದ.

ಕೋರ್ಸು ಉಳಿಯಿತು, ಕೋಟು ಉಳಿಯಿತು. ಕುರ್ಚಿ ಮಾತ್ರ ಉಳಿಯಲಿಲ್ಲ. ಸಾಹೇಬರು ಕೂತು ಬರೆಯಬೇಕೆಂದು ಕೇಳಿದ್ದಕ್ಕೆ, ಪ್ರಿನ್ಸಿಪಾಲರು ಲಕ್ಷ್ಮಣಪ್ಪನವರ ಕಣ್ಣೆದುರಿಗೇ ತಮ್ಮ ಕುರ್ಚಿಯನ್ನು ಗಡಗಡ ತಳ್ಳಿಕೊಂಡು ಹೋದರು. ಲಕ್ಷ್ಮಣಪ್ಪನವರು ಖಾಲಿ ಕೋಣೆಯನ್ನು ನೋಡಿದರು, ಕೋಟಿಲ್ಲದ ಹುಡುಗನನ್ನು ನೋಡಿದರು, ಹುಡುಗನ ಕೈಯಲ್ಲಿನ್ನೂ ಇದ್ದ ಕಲ್ಲನ್ನು ನೋಡಿದರು.

“ನಡಿ ಶಿಲ್ಪ, ಬಸ್ಸಿಗೆ ಹೊತ್ತಾಯ್ತು,” ಎಂದು ಹಿಂತಿರುಗಿದರೆ ಮಗಳಿಲ್ಲ.

ಅವಳು ಸಾಲಿನ ಕೊನೆಯವಳಾಗಿ ಒಳಗೆ ಹೋಗಿದ್ದಳು. ನಾವೆಲ್ಲ ಕಾದೆವು. ಮಾವ ಕಲ್ಲನ್ನು ಎಲ್ಲಿಡಬೇಕೆಂದು ತಿಳಿಯದೆ ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡ. ಶಿಲ್ಪ ಹೊರಗೆ ಬಂದವಳು, ಸೆರಗಿನ ತುದಿಗೆ ಕೈ ಒರೆಸಿಕೊಂಡು, ನೇರವಾಗಿ ಅವನ ಮುಂದೆ ಬಂದು ನಿಂತಳು. ಅವಳ ದನಿಯನ್ನು ನಾವು ಕೇಳಿದ್ದು ಅದೇ ಮೊದಲು.

“ಕಲ್ಲು ಕೆಳಗಿಡಿ. ಕೈಯೆಲ್ಲ ಮಣ್ಣು. ನೀರು ಬರ್ತಿದೆ, ತೊಳ್ಕೊಂಡು ಬನ್ನಿ.”

ಮಾವ ಕಲ್ಲು ಇಟ್ಟು, ಅವಳು ಬಂದ ಬಾಗಿಲ ಕಡೆಗೇ ಹೊರಟ.

“ಅಲ್ಲಲ್ಲ. ಗಂಡಸ್ರ ಕಡೆ.”

ಮಾವ ಆ ಕಡೆ ಹೋದ.

ಲಕ್ಷ್ಮಣಪ್ಪನವರು ಮಗಳನ್ನೇ ನೋಡುತ್ತಿದ್ದರು. ಆ ದನಿ ಅವರಿಗೆ ಹೊಸದಲ್ಲ. ಹೆಂಡತಿಯ ಬಾಯಲ್ಲಿ ಅದರ ತಾಯಿದನಿಯನ್ನು ಕೇಳಿಕೊಂಡೇ ಅವರ ಕೂದಲು ನೆರೆತಿತ್ತು. ಪಂಚೆ ಕೊಡವಿಕೊಂಡು ಅಮ್ಮನ ಹತ್ತಿರ ಬಂದರು.

“ಶಕುಂತಲಮ್ಮೋರೇ, ನಿಮ್ಮೂರಲ್ಲಿ ಛತ್ರ ಯಾವ ತಿಂಗಳು ಖಾಲಿ ಇದೆಯೋ ವಿಚಾರಿಸಿ. ಇನ್ನು ನಾನು ಬೇಡ ಅಂದ್ರೂ ಕೇಳೋರಿಲ್ಲ.”